ಎತ್ತಿನ ಗಾಡಿ ಹಾಕಿಕೊಟ್ಟ ತಿರುವುಗಳು: ನಮ್ಮ ಘಟ್ಟದ ರಸ್ತೆಗಳ ಕಥೆ

1/10

ಮಳೆಗಾಲ ಶುರುವಾದ್ರೆ ಸಾಕು, ನಮ್ಮೆಲ್ಲರ ಫೀಡ್ ಹಸಿರಾಗುತ್ತೆ. ಆಗುಂಬೆಯ ಮಂಜು, ಚಾರ್ಮಾಡಿಯ ಝರಿ, ಶಿರಾಡಿಯ ಕಾಡು, ಸಂಪಾಜೆಯ ಇಳಿಜಾರು. ಕಾರಿನ ಗಾಜಿನ ಮೇಲೆ ಹನಿ, ಹಿನ್ನೆಲೆಗೊಂದು ಹಾಡು, ಕೆಳಗೆ "ಸ್ವರ್ಗ" ಅಂತ ಒಂದೇ ಪದ. ಚೆನ್ನಾಗೇ ಇರುತ್ತೆ, ನಾನೂ ಲೈಕ್ ಒತ್ತುತ್ತೇನೆ.

ಆದ್ರೆ ಒಂದು ವಿಷಯ ಯೋಚಿಸಿ. ಈ ರಸ್ತೆಗಳಲ್ಲಿ ಒಂದನ್ನೂ ನೋಟ ಸವಿಯೋಕೆ ಅಂತ ಮಾಡಿದ್ದಲ್ಲ. ಮೆಣಸು, ಉಪ್ಪು, ಕಾಫಿ, ಹತ್ತಿ, ಸೈನ್ಯ: ಯಾರಿಗೋ ಏನನ್ನೋ ಮೇಲಿಂದ ಕೆಳಗೆ ಅಥವಾ ಕೆಳಗಿಂದ ಮೇಲೆ ಸಾಗಿಸಬೇಕಿತ್ತು. ಅದಕ್ಕೆ ಬೆಟ್ಟ ಕಡಿದರು. ನಾವು ಫೋಟೋ ತೆಗೆಯೋದು ಆ ಕಡಿತದ ಅಂಚಲ್ಲಿ ನಿಂತು.

ಮೊದಲು ಒಂದು ನಕ್ಷೆ ತಲೆಯಲ್ಲಿ ಇಟ್ಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಬಂದರೆ, ಅಂಕೋಲಾ–ಯಲ್ಲಾಪುರ ನಡುವೆ ಅರಬೈಲ್, ಕುಮಟಾ–ಶಿರಸಿ ನಡುವೆ ದೇವಿಮನೆ, ಕುಂದಾಪುರದ ಕಡೆಯಿಂದ ನಗರಕ್ಕೆ ಹತ್ತುವ ಬಾಳೆಬರೆ (ಹುಲಿಕಲ್ ಅಂತಾನೂ ಕರೀತಾರೆ), ಹೆಬ್ರಿ–ತೀರ್ಥಹಳ್ಳಿ ನಡುವೆ ಆಗುಂಬೆ, ಉಜಿರೆ–ಕೊಟ್ಟಿಗೆಹಾರ ನಡುವೆ ಚಾರ್ಮಾಡಿ, ಉಪ್ಪಿನಂಗಡಿ–ಸಕಲೇಶಪುರ ನಡುವೆ ಶಿರಾಡಿ, ಸುಬ್ರಹ್ಮಣ್ಯದ ಮೇಲ್ಗಡೆ ಬಿಸಿಲೆ, ಸುಳ್ಯ–ಮಡಿಕೇರಿ ನಡುವೆ ಸಂಪಾಜೆ. ಇನ್ನೂ ಇವೆ, ಇವತ್ತಿಗೆ ಇಷ್ಟು ಸಾಕು.

ಸ್ವೈಪ್ ಮಾಡಿ. ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಓದಿ.

2/10

ಊರಿನ ಹೆಸರುಗಳನ್ನ ಗಮನಿಸಿದ್ದೀರಾ? ಶಿರಾಡಿಗೆ ಹೋಗೋ ದಾರಿಯಲ್ಲಿ ಉಪ್ಪಿನಂಗಡಿ. ಚಾರ್ಮಾಡಿಗೆ ಹೋಗೋ ದಾರಿಯಲ್ಲಿ ಬೆಳ್ತಂಗಡಿ. ಬಾಳೆಬರೆಯ ಬುಡದಲ್ಲಿ ಹೊಸಂಗಡಿ. ಮೂರು ಘಟ್ಟಗಳ ಕೆಳಗೂ ಒಂದೊಂದು "ಅಂಗಡಿ". ಹತ್ತೋರು ಹತ್ತೋ ಮೊದಲು, ಇಳಿದೋರು ಇಳಿದ ಮೇಲೆ ನಿಲ್ಲುತ್ತಿದ್ದ ಜಾಗಗಳ ನೆನಪು ಆ ಹೆಸರಲ್ಲೇ ಉಳಿದಿದೆ.

ಆಗ ರಸ್ತೆ ಅಂದ್ರೆ ಕಾಲುದಾರಿ. ಗಾಡಿ ಹೋಗುವಷ್ಟು ಅಗಲ ಇಲ್ಲ, ಗಾಡಿ ಹತ್ತುವಷ್ಟು ಸಲೀಸೂ ಇಲ್ಲ. ಸಾಮಾನು ಹೋಗುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ, ಇಲ್ಲವಾದರೆ ಮನುಷ್ಯನ ತಲೆಯ ಮೇಲೆ. ಬೆನ್ನಿನ ಎರಡೂ ಬದಿಗೆ ಗೋಣಿ ಇಳಿಬಿಟ್ಟು ಹೇರು ಹೊರುತ್ತಿದ್ದ ಎತ್ತುಗಳು ಸಾಲಾಗಿ ಹತ್ತುತ್ತಿದ್ದವು. ಮೇಲಿಂದ ಮೆಣಸು, ಏಲಕ್ಕಿ, ಅಡಿಕೆ, ಅಕ್ಕಿ ಇಳಿಯುತ್ತಿತ್ತು. ಕೆಳಗಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಏರುತ್ತಿತ್ತು. ಬಯಲುಸೀಮೆಯ ಮನೆಯ ಅಡುಗೆಗೂ ಸಮುದ್ರದ ಉಪ್ಪು ಬೇಕು, ಬಸರೂರು, ಭಟ್ಕಳ, ಹೊನ್ನಾವರದ ಹಡಗಿಗೂ ಮಲೆನಾಡಿನ ಮೆಣಸು ಬೇಕು. ನಡುವೆ ಇದ್ದದ್ದು ಈ ಘಟ್ಟ.

ಹಾಗಾಗಿ ದಾರಿ ಯಾರ ಕೈಲಿ ಇತ್ತೋ ಸುಂಕ ಅವರದ್ದು. 16ನೇ ಶತಮಾನದ ಎರಡನೇ ಭಾಗದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ರೈನಾ ದ ಪಿಮೆಂಟಾ", ಅಂದ್ರೆ ಮೆಣಸಿನ ರಾಣಿ ಅಂತ ಕರೆದರು. ಗೇರುಸೊಪ್ಪೆ ಎಲ್ಲಿದೆ ಅಂತ ನಕ್ಷೆಯಲ್ಲಿ ನೋಡಿ: ಶರಾವತಿಯಲ್ಲಿ ದೋಣಿ ಬರೋ ಕಡೆ, ಘಟ್ಟ ಹತ್ತೋಕೆ ಶುರುವಾಗೋ ಬುಡದಲ್ಲಿ. ಆ ಬಿರುದಿನ ಅರ್ಧ ಕಾರಣ ಆ ಜಾಗವೇ.

3/10

ಈಗ ನಿಮಗೊಬ್ಬ ಪ್ರವಾಸಿಯ ಪರಿಚಯ ಮಾಡಿಸ್ತೀನಿ. ಹೆಸರು ಪಿಯೆತ್ರೊ ದೆಲ್ಲ ವಾಲ್ಲೆ, ಊರು ರೋಮ್. 1623ರಲ್ಲಿ ಗೋವಾದಿಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಈತನೂ ಬಂದ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ.

ಅಷ್ಟೊತ್ತಿಗೆ ಗೇರುಸೊಪ್ಪೆಯ ರಾಜ್ಯ ಹೋಗಿ ಅದು ಕೆಳದಿಯವರ ಪಾಲಾಗಿತ್ತು. ಮೆರೆದ ಪಟ್ಟಣದ ಜಾಗದಲ್ಲಿ ಕಾಡು ಬೆಳೆದಿದ್ದನ್ನ ಈತ ಬರೆದಿಟ್ಟಿದ್ದಾನೆ. ಘಟ್ಟದ ಕಾಡು ನೋಡಿ ಅವನಿಗೆ ತನ್ನ ದೇಶದ ಅಪೆನೈನ್ ಬೆಟ್ಟಗಳ ನೆನಪಾಯಿತು. ಘಟ್ಟದ ಚೆಲುವನ್ನ ಹೊಗಳಿದ ಬರಹಕ್ಕೆ ನಾನೂರು ವರ್ಷ ಆಯ್ತು ನೋಡಿ.

ಆದ್ರೆ ಅವನ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ತಂಗಿದ್ದಾಗ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ಸಣ್ಣ ಮರಳು ಹರಡಿ, ಬೆರಳಲ್ಲಿ ಅಂಕೆ ಬರೆಯುತ್ತಾ, ಬರೆದದ್ದನ್ನು ಒಬ್ಬ ರಾಗವಾಗಿ ಹೇಳಿದರೆ ಉಳಿದವರು ಹಾಗೇ ಹೇಳುತ್ತಾ ಬರೆಯೋರು. ನೆಲ ತುಂಬಿದ್ರೆ ಅಳಿಸಿ ಮತ್ತೆ ಮರಳು ಹಾಕೋರು. ಮೇಷ್ಟ್ರು ಎದುರಿಗಿಲ್ಲ, ಒಬ್ಬರಿಗೊಬ್ಬರು ನೆನಪಿಸಿಕೊಂಡೇ ಕಲಿಕೆ. ನಾಳೆ ಪರೀಕ್ಷೆ ಅಂತ ಗ್ರೂಪ್ ಸ್ಟಡಿ ಮಾಡೋ ನಮ್ಮಂಥವರೇ, 1623ರಲ್ಲಿ, ಘಟ್ಟದ ದಾರಿಯಲ್ಲಿ!

ಇದನ್ನ ಯಾಕೆ ಹೇಳಿದೆ ಅಂದ್ರೆ, ಘಟ್ಟದ ದಾರಿ ಖಾಲಿ ಕಾಡಿನ ನಡುವೆ ಹಾದುಹೋಗೋ ಗೆರೆ ಆಗಿರಲಿಲ್ಲ. ಗುಡಿ, ಜಗಲಿ, ಕೊಟ್ಟಿಗೆ, ಸುಂಕದ ಕಟ್ಟೆ, ಶಾಲೆ ಎಲ್ಲ ಆ ದಾರಿಗೆ ಅಂಟಿಕೊಂಡೇ ಬದುಕುತ್ತಿದ್ದವು.

4/10

"ಹಾಗಾದ್ರೆ ರಾಜರು ಯಾಕೆ ಒಳ್ಳೇ ರಸ್ತೆ ಮಾಡಲಿಲ್ಲ?" ಅಂತ ಕೇಳ್ತೀರಾ? ಒಳ್ಳೇ ಪ್ರಶ್ನೆ. ಉತ್ತರ ಏನಂದ್ರೆ, ಕೆಟ್ಟ ದಾರಿ ಅವರಿಗೆ ಕೋಟೆಯಷ್ಟೇ ಕೆಲಸಕ್ಕೆ ಬರುತ್ತಿತ್ತು.

ಕೆಳದಿಯ ನಾಯಕರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಸರಿಯಿತು. ಬಿದನೂರು ಇರೋದು ಘಟ್ಟದ ನೆತ್ತಿಗೆ ಹತ್ತಿರ, ಹೊಸಂಗಡಿಯಿಂದ ಹತ್ತಿ ಬರೋ ದಾರಿಯ ಮೇಲೆ. ಸುತ್ತ ದಟ್ಟ ಕಾಡು, ವರ್ಷದಲ್ಲಿ ನಾಲ್ಕೈದು ತಿಂಗಳು ಬಿಡದ ಮಳೆ. ಎತ್ತು ಹತ್ತಬಹುದು, ಫಿರಂಗಿ ಹತ್ತೋದು ಕಷ್ಟ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ನಾವೀಗ "ನಗರ" ಅನ್ನೋದು ಅದನ್ನೇ.

1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು, ಹೊಸಂಗಡಿ ಘಟ್ಟದ ಕಾವಲುಗಳನ್ನು ಒಂದೊಂದಾಗಿ ಹಿಡಿದು ಮೇಲೆ ಬಂದು ಬಿದನೂರನ್ನು ವಶ ಮಾಡಿಕೊಂಡ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಅದನ್ನು ಮತ್ತೆ ಕಸಿದುಕೊಂಡ. 1792ರಲ್ಲಿ ಸಕಲೇಶಪುರದ ಹತ್ತಿರ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಎದ್ದಿತು. ಡ್ರೋನ್ ಶಾಟ್‌ನಲ್ಲಿ ಅದರ ಎಂಟು ಮೂಲೆ ಎಷ್ಟು ಚೆಂದ ಕಾಣುತ್ತೆ ಅಲ್ವಾ? ಮುಂದಿನ ಸಲ ಡ್ರೋನನ್ನ ಪಶ್ಚಿಮಕ್ಕೆ ತಿರುಗಿಸಿ. ಮಂಗಳೂರಿನಿಂದ ಹತ್ತಿ ಬರೋ ದಾರಿ ಆ ಕಡೆ ಇದೆ. ಕೋಟೆ ಅಲ್ಲಿ ಕೂತಿರೋದು ಅದಕ್ಕೇ.

5/10

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕರಾವಳಿಯ ಕೆನರಾ ಕಂಪನಿಯ ಕೈಗೆ ಹೋಯಿತು. 1831ರಿಂದ ಮೈಸೂರಿನ ಆಡಳಿತವೂ ಬ್ರಿಟಿಷರ ಕೈಲೇ. 1834ರಲ್ಲಿ ಕೊಡಗು ಕೂಡ. ಈಗ ಘಟ್ಟದ ಮೇಲೂ ಕೆಳಗೂ ಅವರೇ. ಇಷ್ಟು ಕಾಲ ಕೋಟೆಯಾಗಿದ್ದ ಬೆಟ್ಟ ಒಮ್ಮೆಲೇ ಅಡ್ಡಿಯಾಯಿತು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834–61ರ ಕಾಲದಲ್ಲಿ ರಸ್ತೆ ಕೆಲಸಕ್ಕೆ ಜೋರು ಬಂತು. 1856ರಲ್ಲಿ ಲೋಕೋಪಯೋಗಿ ಇಲಾಖೆಯೂ ಶುರುವಾಯಿತು.

ಈಗ ಬೇಕಾದದ್ದು ಗಾಡಿ ಹೋಗುವ ರಸ್ತೆ. ಇಲ್ಲೇ ಬರುತ್ತೆ ನೋಡಿ ನಿಮ್ಮ ರೀಲ್ಸ್‌ನ ಹೀರೋ: ಹೇರ್‌ಪಿನ್ ತಿರುವು.

ಲೆಕ್ಕ ಸುಲಭ. ಹೇರು ಹೊತ್ತ ಎತ್ತು ಕಡಿದಾದ ದಾರಿಯನ್ನೂ ಹೇಗೋ ಹತ್ತುತ್ತೆ. ತುಂಬಿದ ಗಾಡಿ ಕಟ್ಟಿದ ಜೋಡಿ ಎತ್ತಿಗೆ ಆಗಲ್ಲ. ಹತ್ತುವಾಗ ಎಳೆಯೋಕಾಗಲ್ಲ, ಇಳಿಯುವಾಗ ಗಾಡಿ ಎತ್ತಿನ ಕುತ್ತಿಗೆ ಮೇಲೇ ಬರುತ್ತೆ. ಸುಮಾರು 20 ಅಡಿ ಮುಂದೆ ಹೋದರೆ 1 ಅಡಿ ಏರುವಷ್ಟು ಇಳಿಜಾರು ಇದ್ದರೆ ಹೊಂದುತ್ತೆ. ಈಗ 500 ಮೀಟರ್ ಎತ್ತರ ಏರಬೇಕು ಅಂದ್ಕೊಳ್ಳಿ. 500 × 20 = 10,000 ಮೀಟರ್. ಅಂದ್ರೆ 10 ಕಿಲೋಮೀಟರ್ ರಸ್ತೆ ಬೇಕು. ಆದ್ರೆ ಬೆಟ್ಟದ ಮುಖ ನೇರಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ. ಉಳಿದ ಉದ್ದವನ್ನ ಎಲ್ಲಿಡೋದು? ಮಡಚಿ ಇಡಬೇಕು. ಆ ಮಡಿಕೆಯೇ ತಿರುವು. ಆಗುಂಬೆಯಲ್ಲಿ ಹಾಗೆ 14 ಮಡಿಕೆ.

ಇವತ್ತಿಗೂ ನಮ್ಮ ದೇಶದಲ್ಲಿ ಬೆಟ್ಟದ ರಸ್ತೆಯ ಇಳಿಜಾರಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಮಿತಿ ನೂರಕ್ಕೆ ಐದು. ಅದೂ 20ಕ್ಕೆ 1 ಅಂತಲೇ. ನಿಮ್ಮ ಬುಲೆಟ್ ಓಡೋದು ಎತ್ತಿನ ಲೆಕ್ಕದಲ್ಲೇ ಕಣ್ರೋ.

6/10

ಸರಿ, ಅಷ್ಟು ಖರ್ಚು ಮಾಡಿ ಏನನ್ನ ಸಾಗಿಸಿದ್ರು? ಮೂರು ಉದಾಹರಣೆ ಕೊಡ್ತೀನಿ.

ಕಾಫಿ. 1840ರ ದಶಕದಿಂದ ಮಂಜರಾಬಾದ್ ಸೀಮೆಯಲ್ಲಿ, 1850ರ ದಶಕದಿಂದ ಕೊಡಗಿನಲ್ಲಿ ಯುರೋಪಿಯನ್ನರ ತೋಟಗಳು ಹಬ್ಬಿದವು. ಮಲೆನಾಡಿನ ತೇವದಲ್ಲಿ ಕಾಫಿ ಸರಿಯಾಗಿ ಒಣಗಲ್ಲ. ಕರಾವಳಿಯ ಬಿಸಿಲಿಗೆ ಇಳಿಸಿ, ಮಂಗಳೂರಿನಲ್ಲಿ ಹದ ಮಾಡಿ, ಹಡಗಿಗೆ ಹಾಕಬೇಕು. ಶಿರಾಡಿ, ಸಂಪಾಜೆ ದಾರಿಗಳ ಬೆಲೆ ಏರಿದ್ದು ಹೀಗೆ.

ಸೈನ್ಯ. ಕೊಡಗನ್ನು ವಶ ಮಾಡಿಕೊಂಡ ಮೇಲೆ ಕಂಪನಿ ಅಮರ ಸುಳ್ಯ, ಪುತ್ತೂರು ಭಾಗವನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿತು. ಮೊದಲು ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಿ ಅಂತ ಪಟ್ಟು ಹಿಡಿಯಿತು. 1837ರ ಏಪ್ರಿಲ್‌ನಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮತ್ತು ಜೊತೆಗಾರರ ಮುಂದಾಳತ್ವದಲ್ಲಿ ರೈತರು ಸುಳ್ಯ, ಪುತ್ತೂರು, ಬಂಟ್ವಾಳದ ದಾರಿ ಹಿಡಿದು ಮಂಗಳೂರಿಗೇ ನುಗ್ಗಿ, ಕೆಲವು ದಿನ ಊರನ್ನು ತಮ್ಮ ಕೈಲಿ ಇಟ್ಟುಕೊಂಡರು. ನಿಮ್ಮ ಸಂಪಾಜೆ ಟ್ರಿಪ್‌ನ ಕೆಳಭಾಗದ ರಸ್ತೆ ಆ ದಂಗೆ ನಡೆದ ಸೀಮೆಯಲ್ಲೇ ಹಾದುಹೋಗುತ್ತೆ. ಇದು 1857ಕ್ಕೆ ಇಪ್ಪತ್ತು ವರ್ಷ ಮೊದಲು. ಇಂಥ ಸೀಮೆಗೆ ದಂಡು ಬೇಗ ಬರಬೇಕು ಅಂದ್ರೆ ಆಳುವವರಿಗೆ ರಸ್ತೆ ಬೇಕೇ ಬೇಕು.

ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಬರೋದು ನಿಂತಿತು. ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದ ಬಂದರು, ಧಾರವಾಡದ ಹೊಲ, ನಡುವಿನ ಘಟ್ಟ ಒಂದೇ ಆಡಳಿತದಡಿ ಬರಲಿ ಅನ್ನೋದು ದೊಡ್ಡ ಕಾರಣ. ಆದ್ರೆ 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾಕ್ಕೆ ರೈಲು ಹೋಯಿತು. ಸರಕು ಆ ಕಡೆ ಹರಿಯಿತು, ಕಾರವಾರದ ಕನಸು ಮಂಕಾಯಿತು. ಜಿಲ್ಲೆಯ ಗಡಿ ಮಾತ್ರ ಹಾಗೇ ಉಳಿಯಿತು. "ಉತ್ತರ ಕನ್ನಡ ಯಾಕೆ ಅಷ್ಟು ವರ್ಷ ಬಾಂಬೆ ಕರ್ನಾಟಕದಲ್ಲಿತ್ತು?" ಅನ್ನೋ ಪ್ರಶ್ನೆಯ ಉತ್ತರದಲ್ಲಿ ಹತ್ತಿಯ ಮೂಟೆಯೂ ಇದೆ.

7/10

ಇನ್ನು ಯಾರೂ ಫೋಟೋ ತೆಗೆಯದ ವಿಷಯ. ಕಡಿದವರು ಯಾರು?

ಹಳೇ ವರದಿ, ಗೆಝೆಟಿಯರ್ ತೆರೆದರೆ ಎಂಜಿನಿಯರ್ ಹೆಸರು ಸಿಗುತ್ತೆ, ಮೈಲಿ ಲೆಕ್ಕ ಸಿಗುತ್ತೆ, ಖರ್ಚಾದ ರೂಪಾಯಿ ಸಿಗುತ್ತೆ. ಗುದ್ದಲಿ ಹಿಡಿದವರ ಹೆಸರು ಸಿಗಲ್ಲ. ಬಂಡೆ ಸಿಡಿಸಿದವರು, ಬುಟ್ಟಿಯಲ್ಲಿ ಮಣ್ಣು ಹೊತ್ತ ಹೆಂಗಸರು, ಕಣಿವೆ ಕಡೆಗೆ ಗಾರೆ ಇಲ್ಲದೆ ಕಲ್ಲು ಜೋಡಿಸಿ ಗೋಡೆ ಎಬ್ಬಿಸಿದ ಒಡ್ಡರು, ಇವರೆಲ್ಲ "ಕೂಲಿ" ಅನ್ನೋ ಒಂದು ಪದದೊಳಗೆ ಮುಗಿದುಹೋಗಿದ್ದಾರೆ.

ಕೆಲಸ ನಡೆಯುತ್ತಿದ್ದದ್ದು ಮಳೆ ಬಿಟ್ಟ ತಿಂಗಳುಗಳಲ್ಲಿ ಮಾತ್ರ. ಮಳೆಗಾಲಕ್ಕೆ ಅರ್ಧ ರಸ್ತೆ ಕೊಚ್ಚಿಹೋದರೆ ಮುಂದಿನ ವರ್ಷ ಮತ್ತೆ ಅದೇ. ಘಟ್ಟದ ಬುಡದ ಕಾಡಲ್ಲಿ ಮಲೇರಿಯಾ. ಬಯಲುಸೀಮೆಯಿಂದ ಬಂದವರು ಚಳಿಜ್ವರ ಹಿಡಿದು ಮಲಗೋರು, ಎಷ್ಟೋ ಜನ ಏಳಲೇ ಇಲ್ಲ. 20ನೇ ಶತಮಾನದ ನಡುವಿನವರೆಗೂ ಮಲೆನಾಡು ಅಂದ್ರೆ ಜ್ವರದ ಸೀಮೆ ಅಂತಲೇ ಜನ ಹೆದರುತ್ತಿದ್ದರು.

ಮುಂದಿನ ಸಲ ಘಟ್ಟದಲ್ಲಿ ನಿಂತಾಗ ಕಣಿವೆ ನೋಡೋ ಮೊದಲು ಒಮ್ಮೆ ಕಾಲ ಕೆಳಗೆ ನೋಡಿ. ಪಾಚಿ ಕಟ್ಟಿದ ಹಳೇ ಕಲ್ಲಿನ ತಡೆಗೋಡೆ, ಕಮಾನಿನ ಸಣ್ಣ ಮೋರಿ ಎಲ್ಲಾದರೂ ಕಾಣಬಹುದು. ಆ ಜನರ ಸಹಿ ಇರೋದು ಅಲ್ಲಿ.

8/10

ರಸ್ತೆ ಆದ ಮೇಲೆ ಬಸ್ಸು ಬಂತು, ಲಾರಿ ಬಂತು. ಎತ್ತಿನ ಅಳತೆಯ ತಿರುವಿಗೆ ಉದ್ದದ ಬಸ್ಸು ಹೊಂದಲ್ಲ. ಆಗುಂಬೆಯಲ್ಲಿ ಇಂದಿಗೂ ಮಿನಿ ಬಸ್ಸುಗಳೇ ಓಡೋದು ಅದಕ್ಕೇ.

ರೈಲಿಗೆ ಇನ್ನೂ ನಿಧಾನದ ಏರು ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಹಳಿಯ ಏರು 50ಕ್ಕೆ 1. ಬೆಟ್ಟದ ಮೇಲೆ ಹೇರ್‌ಪಿನ್ ಹಾಕೋಕೆ ರೈಲಿಗೆ ಆಗಲ್ಲ, ಹಾಗಾಗಿ ಬೆಟ್ಟದೊಳಗೇ ನುಗ್ಗಬೇಕು. 57 ಸುರಂಗ ತೋಡಬೇಕಾಯಿತು. ಮೀಟರ್ ಗೇಜ್ ಹಳಿ ಮುಗಿದಿದ್ದು 1979ರಲ್ಲಿ. ಆಮೇಲೆ ಬ್ರಾಡ್ ಗೇಜ್ ಮಾಡೋಕೆ ಅಂತ 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ.

ಕುದುರೆಮುಖದ ಅದಿರಂತೂ ರಸ್ತೆ, ರೈಲು ಎರಡನ್ನೂ ಬಿಟ್ಟು ನೀರಿನ ಜೊತೆ ಕೆಸರಾಗಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಆ ಗಣಿಗಾರಿಕೆ ನಿಂತಿದ್ದು 2005ರ ಕೊನೆಗೆ.

ಒಂದೊಂದು ಕಾಲಕ್ಕೂ ಒಂದೊಂದು ಸರಕು, ಸರಕಿಗೆ ತಕ್ಕ ದಾರಿ. ಮಂಗಳೂರಿನಲ್ಲಿ ದೊಡ್ಡ ಬಂದರು, ತೈಲ ಶುದ್ಧೀಕರಣ ಘಟಕ ಬಂದ ಮೇಲೆ ಶಿರಾಡಿಯಲ್ಲಿ ರಾತ್ರಿಯಿಡೀ ಟ್ಯಾಂಕರುಗಳ ಸಾಲು. ಬೆಂಗಳೂರಿನ ಎಷ್ಟೋ ಮನೆಯ ಗ್ಯಾಸ್ ಒಲೆ ಉರಿಯುವುದರ ಹಿಂದೆ ಈ ಘಟ್ಟ ಇದೆ.

9/10

ಈಗ ಕಷ್ಟದ ಭಾಗ. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾರಿಯ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಕುಸಿಯಿತು. ಜನ ಸತ್ತರು, ಮನೆಗಳು ಹೋದವು, ರಸ್ತೆ ಕಡಿದುಹೋಯಿತು. 2019ರಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈನಲ್ಲಿ ಶಿರಾಡಿಯಲ್ಲಿ ಮತ್ತೆ ಮತ್ತೆ ಮಣ್ಣು ಇಳಿಯಿತು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ, ಟೀ ಕುಡಿಯೋಕೆ ನಿಂತಿದ್ದವರನ್ನೂ ಸೇರಿಸಿ ನದಿಗೆ ತಳ್ಳಿತು.

ಯಾಕೆ ಹೀಗೆ? ಮಳೆ ಒಂದು ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತೆ. ಆದ್ರೆ ಬರೀ ಮಳೆಯ ಮೇಲೆ ತಪ್ಪು ಹೊರಿಸೋಕಾಗಲ್ಲ. ಗುಡ್ಡದ ಮಣ್ಣನ್ನು ಹಿಡಿದಿಡೋದು ಅದರ ಬುಡ ಮತ್ತು ಮರದ ಬೇರು. ರಸ್ತೆ ಅಗಲ ಮಾಡೋಕೆ ಬುಡವನ್ನೇ ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇಲ್ಲ. ನೀರು ಇಳಿದುಹೋಗೋ ಚರಂಡಿ, ಮೋರಿ ಕಟ್ಟಿಕೊಂಡರೆ ಅದು ಮಣ್ಣಿನೊಳಗೇ ಇಳಿದು, ಮಣ್ಣನ್ನ ಭಾರ ಮಾಡಿ, ಸಡಿಲ ಮಾಡುತ್ತೆ. ಬೆಟ್ಟದಲ್ಲಿ ರಸ್ತೆಯ ಕೆಲಸ ಅರ್ಧಕ್ಕಿಂತ ಹೆಚ್ಚು ನೀರಿನ ಕೆಲಸ. ಗಾಡಿಯ ಕಾಲದ ರಸ್ತೆ ಬೆಟ್ಟದ ಆಕಾರಕ್ಕೆ ಬಾಗಿ ಹೋಗುತ್ತಿತ್ತು, ಯಾಕಂದ್ರೆ ಎತ್ತಿಗೆ ಬೇರೆ ದಾರಿ ಇರಲಿಲ್ಲ. ಜೆಸಿಬಿಗೆ ಆ ಹಂಗಿಲ್ಲ.

ಹಾಗಂತ "ರಸ್ತೆನೇ ಬೇಡ" ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ. ಚಾರ್ಮಾಡಿ ಮುಚ್ಚಿದರೆ ನಮಗೆ ವೀಕೆಂಡ್ ಪ್ಲಾನ್ ಹಾಳು. ಮೂಡಿಗೆರೆಯ ಕಡೆಯ ಮನೆಯಲ್ಲಿ ರಾತ್ರಿ ಎದೆನೋವು ಬಂದವರಿಗೆ ಮಂಗಳೂರಿನ ಆಸ್ಪತ್ರೆ ಗಂಟೆಗಟ್ಟಲೆ ದೂರ. ಆಗುಂಬೆ ಮುಚ್ಚಿದರೆ ತೀರ್ಥಹಳ್ಳಿಯವರಿಗೆ ಮಣಿಪಾಲ ದೂರ. ಅವರಿಗೆ ಈ ರಸ್ತೆ ಬೇಕು. ಕುಸಿಯದ ರಸ್ತೆ ಬೇಕು.

10/10

2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ 10 ನಮ್ಮ ರಾಜ್ಯದಲ್ಲಿವೆ. ಆಗುಂಬೆಯ ಕಾಡು, ಅದರ ಕೆಳಗಿನ ಸೋಮೇಶ್ವರ ಅಭಯಾರಣ್ಯ ಎರಡೂ ಆ ಪಟ್ಟಿಯಲ್ಲಿವೆ. ಅಲ್ಲಿ ಮರದಿಂದ ಮರಕ್ಕೆ ಹೋಗೋ ಸಿಂಗಳೀಕಕ್ಕೆ ರಸ್ತೆಯ ಎರಡೂ ಬದಿಯ ಕೊಂಬೆ ಮೇಲೆ ಕೂಡಿಕೊಂಡಿರಬೇಕು. ರಸ್ತೆ ಅಗಲವಾದಷ್ಟೂ ಆ ಕೊಂಬೆಗಳು ದೂರವಾಗುತ್ತವೆ. ಆಗುಂಬೆಗೆ, ಶಿರಾಡಿಗೆ ಸುರಂಗ ಮಾಡೋ ಮಾತು ಹಲವು ವರ್ಷದಿಂದ ನಡೆದಿದೆ. ಅದು ಒಳ್ಳೆಯದಾ ಕೆಟ್ಟದ್ದಾ ಅಂತ ನಾನು ಕ್ಯಾಪ್ಷನ್‌ನಲ್ಲಿ ತೀರ್ಪು ಕೊಡಲ್ಲ. ಆದ್ರೆ ಇಷ್ಟು ಹೊತ್ತು ಓದಿದವರಿಗೆ ಕೇಳಬೇಕಾದ ಪ್ರಶ್ನೆ ಗೊತ್ತಾಗಿರುತ್ತೆ: ಏನನ್ನ ಸಾಗಿಸೋಕೆ? ಯಾರಿಗಾಗಿ? ನೀರು ಎಲ್ಲಿ ಹೋಗುತ್ತೆ? ಗುಡ್ಡದ ಬುಡದಲ್ಲಿ ಯಾರ ಮನೆ ಇದೆ?

ಮೆಣಸು ಹೋಯಿತು, ಹತ್ತಿ ಹೋಯಿತು, ಅದಿರೂ ಹೋಯಿತು. ಈಗ ವಾರದ ಕೊನೆಗೆ ಘಟ್ಟ ಹತ್ತಿಳಿಯೋ ದೊಡ್ಡ ಸರಕು ನಾವೇ. ನಾವು ನೋಡೋಕೆ ಹೋಗ್ತೀವಿ ಅಂತಲೇ ಪಾರ್ಕಿಂಗ್, ರೆಸಾರ್ಟ್, ಇನ್ನಷ್ಟು ಅಗಲದ ರಸ್ತೆ ಬೇಕಾಗುತ್ತೆ. ಹಾಗಾಗಿ ಆ ನಾಲ್ಕು ಪ್ರಶ್ನೆಯಲ್ಲಿ ನಮ್ಮ ಪಾಲೂ ಇದೆ.

ಹೋಗಿ, ಖಂಡಿತ ಹೋಗಿ. ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ, ಹತ್ತಿ ಬರೋ ವಾಹನಕ್ಕೆ ಮೊದಲು ದಾರಿ ಬಿಡಿ. ಮಂಗಗಳಿಗೆ ಕುರುಕಲು ಹಾಕಬೇಡಿ, ಅವು ರಸ್ತೆಗೆ ಬಂದು ಸಾಯುತ್ತವೆ. ಚಿಪ್ಸ್ ಪ್ಯಾಕೆಟ್ಟು ಮೋರಿಗೆ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಹಿಂದಿನ ಕ್ಯಾಪ್ಷನ್‌ನಲ್ಲೇ ಇದೆ.

ಕೊನೆಗೊಂದು ಹೋಂವರ್ಕ್. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ "ನೀವು ಮೊದಲ ಸಲ ಘಟ್ಟ ಇಳಿದದ್ದು ಯಾವಾಗ, ಯಾಕೆ?" ಅಂತ ಕೇಳಿ. ಮದುವೆಗಾ, ಕೂಲಿಗಾ, ಯಕ್ಷಗಾನದ ಮೇಳದ ಹಿಂದೆಯಾ, ಧರ್ಮಸ್ಥಳಕ್ಕೆ ನಡೆದುಕೊಂಡಾ? ಅವರು ಹೇಳಿದ್ದನ್ನ ಕೆಳಗೆ ಬರೆಯಿರಿ. ಗೆಝೆಟಿಯರ್‌ನಲ್ಲಿ ಸಿಗದ ಹೆಸರುಗಳು ಅಲ್ಲಿಂದಲೇ ಸಿಗಬೇಕು.

#ಘಟ್ಟದಕಥೆ #ಮಲೆನಾಡು #ಕರಾವಳಿ #ಆಗುಂಬೆ #ಚಾರ್ಮಾಡಿ #ಶಿರಾಡಿ #ಸಂಪಾಜೆ #ಕನ್ನಡದಲ್ಲಿಇತಿಹಾಸ